ಹಬೆಯ ಕೊಳವೆಗೆ ಹೊದಿಕೆ

ಹೊದಿಕೆಯೆಂಬುದು ಮೈಗೆ ಬೇಕಾದ ವಸ್ತುವೆಂದು ನಮ್ಮ ನಾಡಿನವರೆಲ್ಲರೂ ಬಲ್ಲರು. ಮಾಗಿಯ ಚಳಿಯಲ್ಲಿ ಮಲೆನಾಡಿನವರು ಕಂಬಳಿಯನ್ನು ಹೊದೆಯುವರು. ಬಯಲುಸೀಮೆಯವರು ಒಂದು ದುಪ್ಪಟಿಯಲ್ಲಿಯೇ ಚಳಿಗಾಲವನ್ನು ದಾಟಿಸಿಬಿಡುವರು. ಮನೆಯನ್ನೇ ಇಡಿಯಾಗಿ ಕಾಯಿಸಬೇಕಾದ ಪ್ರಸಂಗವು ನಮಗೆ ಎಂದೂ ಬಂದುದಿಲ್ಲ. ಆದುದರಿಂದ ಕಬ್ಬಿಣದ ಕೊಳವೆಗೂ ಒಂದು ಹೊದಿಕೆ ಬೇಕು, ಅದಿಲ್ಲದಿದ್ದರೆ ಮನೆಯ ಮಂದಿಯೆಲ್ಲ ನಡುಗಬೇಕಾಗುವುದು ಎಂದು ನಾವು ಹೇಳಿದರೆ ವಾಚಕರಲ್ಲಿ ಕೆಲವರಿಗಾದರೂ ನಗು ಬಂದೀತು. ಆದರೆ ಈಗ ನಮ್ಮ ಕನ್ನಡದ ಕುಟುಂಬಗಳು ಎಷ್ಟೋ ಶೀತದೇಶಗಳಲ್ಲಿ ನೆಲೆಸಿವೆ. ಮಗನೋ ಮಗಳೋ ಅಲ್ಲಿ ಹಳೆಯ ಮನೆಯೊಂದನ್ನು ಕೊಂಡಿರುವರು; ತಂದೆತಾಯಿಗಳು ಮೊಮ್ಮಕ್ಕಳನ್ನು ನೋಡಲು ಹೋಗಿಬರುವರು. ಅಂತಹ ಗೃಹಸ್ಥರಿಗೆ ಈ ವಿಷಯವು ಉಪಯೋಗಕ್ಕೆ ಬಂದೀತೆಂದೂ, ಉಳಿದವರಿಗೆ ಹಬೆಯ ಸ್ವಭಾವವು ತಿಳಿದಂತಾದೀತೆಂದೂ ಇದನ್ನು ಬರೆಯಲು ತೊಡಗಿದ್ದೇವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿ, ಬಾಸ್ಟನ್ ನಗರಕ್ಕೆ ಸುಮಾರು ನಲವತ್ತು ಮೈಲಿ ಪಶ್ಚಿಮಕ್ಕೆ, ವುಸ್ಟರ್ ಎಂಬ ಊರಿದೆ. ಈ ಹೆಸರನ್ನು ಬರೆಯುವುದಕ್ಕೆ ಅವರು ಒಂಬತ್ತು ಅಕ್ಷರಗಳನ್ನು ವೆಚ್ಚಮಾಡಿ ಎರಡೇ ಉಸಿರಿನಲ್ಲಿ ಉಚ್ಚರಿಸಿಬಿಡುತ್ತಾರೆ. ಬರೆದಂತೆ ಓದಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ನಮಗೆ ಇದು ಕೊಂಚ ಅಸಮಾಧಾನವನ್ನೇ ಉಂಟುಮಾಡಿತು. ಅದಿರಲಿ. ನಮ್ಮ ಮಗಳೂ ಅಳಿಯಂದಿರೂ ಈ ಊರಿನಲ್ಲಿ ೧೯೨೬ರಲ್ಲಿ ಕಟ್ಟಿದ ಎರಡಂತಸ್ತಿನ ಮರದ ಮನೆಯೊಂದನ್ನು ಕೊಂಡಿದ್ದಾರೆ. ಮಗಳ ಬಾಣಂತನಕ್ಕೆಂದು ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿ ಒಂದು ಚಳಿಗಾಲವನ್ನು ಪೂರ್ತಿಯಾಗಿ ಕಳೆದೆವು. ಶೂನ್ಯಕ್ಕಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುವ ರಾತ್ರಿಗಳನ್ನು ಅಲ್ಲಿ ಕಂಡೆವು.

ಆ ಮನೆಯು ಬೆಚ್ಚಗಾಗುವುದು ಹಬೆಯಿಂದ. ನೆಲಮಾಳಿಗೆಯಲ್ಲಿ ಎಣ್ಣೆಯಿಂದ ಉರಿಯುವ ಬಾಯ್ಲರು ಒಂದಿದೆ. ಅದರಲ್ಲಿ ನೀರು ಕುದಿದು ಹಬೆಯಾಗಿ, ನೆಲಮಾಳಿಗೆಯ ಸೂರಿನ ಕೆಳಗೆ ಸುತ್ತಿ ಹೋಗಿರುವ ಎರಡಂಗುಲದ ಕಬ್ಬಿಣದ ಕೊಳವೆಯಲ್ಲಿ ಹರಿದು, ಅಲ್ಲಿಂದ ಒಂದೊಂದು ಕೋಣೆಗೂ ಏರಿ, ರೇಡಿಯೇಟರೆಂಬ ಎರಕದ ಕಬ್ಬಿಣದ ದೊಡ್ಡ ಪಕ್ಕೆಲುಬಿನಂತಹ ಪೆಟ್ಟಿಗೆಯನ್ನು ತುಂಬುತ್ತದೆ. ಒಳಗಿದ್ದ ಗಾಳಿಯು ಪಕ್ಕದ ಸಣ್ಣ ರಂಧ್ರದಿಂದ ಬುಸುಗುಟ್ಟುತ್ತ ಹೊರಗೆ ಹೋಗುವುದು. ಹಬೆಯು ತಾಗಿದ ಕೂಡಲೆ ಆ ರಂಧ್ರವು ತಾನಾಗಿ ಮುಚ್ಚಿಕೊಳ್ಳುವುದು. ಕಬ್ಬಿಣಕ್ಕೆ ಶಾಖವನ್ನು ಕೊಟ್ಟು ತಣಿದ ಹಬೆಯು ನೀರಾಗಿ, ಬಂದ ದಾರಿಯಲ್ಲಿಯೇ ಇಳಿಜಾರಿನಲ್ಲಿ ಹರಿದು ಮತ್ತೆ ಬಾಯ್ಲರನ್ನು ಸೇರುವುದು. ಪಂಪು ಇಲ್ಲ, ಚಕ್ರವಿಲ್ಲ. ಒತ್ತಡವಾದರೋ ಒಂದು ಚದರಂಗುಲಕ್ಕೆ ಒಂದೆರಡು ಪೌಂಡನ್ನು ಮೀರಬೇಕಾದುದಿಲ್ಲ. ನೂರು ವರ್ಷದ ಹಿಂದಿನ ಕೆಲಸಗಾರರು ನೀರಿನ ಭಾರವನ್ನೂ ಹಬೆಯ ಹಗುರವನ್ನೂ ನಂಬಿ ಕಟ್ಟಿಹೋದ ಈ ವ್ಯವಸ್ಥೆಯನ್ನು ಕಂಡು ನಮಗೆ ಗೌರವವುಂಟಾಯಿತು. ೧೯೯೨ರಲ್ಲಿ ಡ್ಯಾನ್ ಹೊಲೋಹನ್ ಎಂಬವರು ಈ ಮರೆತುಹೋಗುತ್ತಿದ್ದ ವಿದ್ಯೆಯನ್ನು ಕುರಿತೇ ಒಂದು ಪುಸ್ತಕವನ್ನು ಬರೆದು, ಗತಿಸಿದ ಆ ಕುಶಲಿಗಳನ್ನು ಸ್ಮರಿಸಿದ್ದಾರೆ. ೧೯೧೮ರ ಇನ್‌ಫ್ಲುಯೆಂಜಾ ಮಾರಿಯ ತರುವಾಯ, ಚಳಿಗಾಲದಲ್ಲಿಯೂ ಕಿಟಕಿಗಳನ್ನು ತೆರೆದಿಟ್ಟು ಶುದ್ಧವಾಯುವನ್ನು ಸೇವಿಸಬೇಕೆಂದು ವೈದ್ಯರು ವಿಧಿಸಿದುದರಿಂದ ಆ ಕಾಲದ ಮನೆಗಳಿಗೆ ಬೇಕಾದುದಕ್ಕಿಂತ ದೊಡ್ಡ ಬಾಯ್ಲರುಗಳನ್ನೂ ರೇಡಿಯೇಟರುಗಳನ್ನೂ ಹಾಕಿದರೆಂದು ಅವರು ಹೇಳುತ್ತಾರೆ.

ಹಬೆಗೆ ಇಷ್ಟು ಶಕ್ತಿಯು ಎಲ್ಲಿಂದ ಬಂದಿತೆಂಬುದನ್ನು ನಮ್ಮ ಗೃಹಿಣಿಯರು ಯಾವ ಪಂಡಿತರಿಗಿಂತಲೂ ಚೆನ್ನಾಗಿ ಬಲ್ಲರು. ಕುದಿಯುವ ನೀರಿನ ಹನಿ ಕೈಮೇಲೆ ಬಿದ್ದರೆ ಉರಿಯುತ್ತದೆ. ಇಡ್ಲಿಯ ಪಾತ್ರೆಯ ಮುಚ್ಚಳವನ್ನು ತೆರೆದಾಗ ಹಬೆ ಬಡಿದರೆ ಬೊಬ್ಬೆಯೇ ಏಳುತ್ತದೆ. ಎರಡರ ಕಾವೂ ನೂರೇ ಡಿಗ್ರಿ. ಭೇದವೇನೆಂದರೆ, ಒಂದು ಗ್ರಾಂ ನೀರನ್ನು ಮಂಜಿನ ತಣುಪಿನಿಂದ ಕುದಿಯುವವರೆಗೆ ತರಲು ನೂರು ಕ್ಯಾಲೊರಿ ಶಾಖವು ಸಾಕು. ಕುದಿದ ಅದೇ ನೀರನ್ನು ಹಬೆಯನ್ನಾಗಿಸಲು ಇನ್ನೂ ಸುಮಾರು ೫೪೦ ಕ್ಯಾಲೊರಿ ಬೇಕು. ಈ ೫೪೦ನ್ನು ಉಷ್ಣಮಾಪಕವು ತೋರಿಸುವುದಿಲ್ಲ. ಅದು ಹಬೆಯಲ್ಲಿ ಅಡಗಿದ್ದು, ಹಬೆಯು ಮತ್ತೆ ನೀರಾಗುವ ಕ್ಷಣದಲ್ಲಿ ಒಮ್ಮೆಗೇ ಹೊರಬೀಳುವುದು. ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯಪಂಡಿತರು ೧೭೬೦ರ ದಶಕದ ಆದಿಯಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ನಮ್ಮ ಪಠ್ಯಪುಸ್ತಕಗಳು ಇದಕ್ಕೆ ಗುಪ್ತೋಷ್ಣವೆಂದು ಹೆಸರಿಟ್ಟಿವೆ. ಗುಣಸಂಧಿಗೆ ಉದಾಹರಣೆಯೆಂದು ಈ ಪದವನ್ನು ನಾವು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದುದುಂಟು. ಪದದ ಅರ್ಥವು ಕೈಗೆ ತಾಗಿದುದು ಮಾತ್ರ ಆ ನೆಲಮಾಳಿಗೆಯಲ್ಲಿ.

ಅಡಗಿದ ಶಾಖವು ಎಲ್ಲಿ ಹೊರಬೀಳಬೇಕೋ ಅಲ್ಲಿಯೇ ಬೀಳಬೇಕು. ದಾರಿಯಲ್ಲಿ ಬಿದ್ದುಹೋದರೆ ಹಬೆಯು ಅಲ್ಲಿಯೇ ನೀರಾಗಿ ಮುಂದಕ್ಕೆ ಹೋಗದು. ಬ್ಲ್ಯಾಕರ ಸ್ನೇಹಿತರಾದ ಜೇಮ್ಸ್ ವಾಟ್‌ರು ೧೭೬೯ರಲ್ಲಿ ತಮ್ಮ ಹಬೆಯ ಯಂತ್ರಕ್ಕೆ ಸನ್ನದನ್ನು ಪಡೆದಾಗ, ಯಂತ್ರದ ಸಿಲಿಂಡರನ್ನು ಹಬೆಯಷ್ಟೇ ಬಿಸಿಯಾಗಿಡಬೇಕು, ಅದಕ್ಕಾಗಿ ಮರದಿಂದಲೋ ಶಾಖವನ್ನು ನಿಧಾನವಾಗಿ ಸಾಗಿಸುವ ಬೇರೆ ಯಾವುದಾದರೂ ಪದಾರ್ಥದಿಂದಲೋ ಅದನ್ನು ಕವಚವಿಟ್ಟಂತೆ ಮುಚ್ಚಬೇಕು ಎಂದು ಬರೆದಿದ್ದಾರೆ. ಹಬೆಯ ಯುಗವು ಆರಂಭವಾದಂದೇ ಹೊದಿಕೆಯೂ ಹುಟ್ಟಿತೆಂದರೆ ತಪ್ಪಾಗಲಾರದು.

ಇನ್ನು ನಮ್ಮ ಮಗಳ ಮನೆಯ ಕಷ್ಟವನ್ನು ಹೇಳುವೆವು. ಮೇಲಂತಸ್ತಿನ ಈಶಾನ್ಯದ ಕೋಣೆಯನ್ನು ಮಗುವಿಗೆಂದು ಅಣಿಮಾಡಿದ್ದರು. ಬಾಯ್ಲರಿಗೆ ಎಲ್ಲಕ್ಕಿಂತ ದೂರವಾದ ರೇಡಿಯೇಟರು ಆ ಕೋಣೆಯದು. ಮನೆಯ ಕಾವನ್ನು ಅಳೆದು ಬಾಯ್ಲರನ್ನು ಹೊತ್ತಿಸಿ ಆರಿಸುವ ಥರ್ಮೋಸ್ಟಾಟು ಕೆಳಗಿನ ಪಡಸಾಲೆಯ ಗೋಡೆಯಲ್ಲಿದೆ. ಪಡಸಾಲೆಯು ಬಾಯ್ಲರಿನ ನೆತ್ತಿಯ ಮೇಲೆಯೇ ಇರುವುದರಿಂದ ಬೇಗನೆ ಬೆಚ್ಚಗಾಗುತ್ತಿತ್ತು. ಅಷ್ಟಕ್ಕೇ ಉರಿಯು ಆರಿಹೋಗುತ್ತಿತ್ತು. ಹಬೆಯು ಮಗುವಿನ ಕೋಣೆಯನ್ನು ಮುಟ್ಟುತ್ತಲೇ ಇರಲಿಲ್ಲ. ಪಡಸಾಲೆಯಲ್ಲಿ ಇಪ್ಪತ್ತು ಡಿಗ್ರಿಯಿದ್ದಾಗ ಆ ಕೋಣೆಯಲ್ಲಿ ಹದಿನೈದು. ಥರ್ಮೋಸ್ಟಾಟನ್ನು ಏರಿಸಿದರೆ ಕೆಳಗಿನವರಿಗೆ ಬೆವರು, ಎಣ್ಣೆಗೆ ನಷ್ಟ. ವಿದ್ಯುತ್ತಿನ ಸಣ್ಣ ಒಲೆಯೊಂದನ್ನು ತಂದಿಟ್ಟರು. ಆದರೆ ಮರದ ಮನೆಯಲ್ಲಿ ಎಳೆಯ ಕೂಸಿನ ಬಳಿ ಅದನ್ನು ಉರಿಸಿಟ್ಟು ಮಲಗಲು ಯಾರಿಗೆ ಧೈರ್ಯ? ಇಪ್ಪತ್ತು ದಿನದ ಬಾಣಂತಿಯು ರಾತ್ರಿಗೆ ನಾಲ್ಕಾರು ಸಲ ಎದ್ದು ಕೂಸಿನ ಅಂಗಾಲನ್ನು ಮುಟ್ಟಿ ನೋಡುತ್ತಿದ್ದಳು. ನಮ್ಮ ಮನೆಯವರು ಹಗಲು ಅವಳನ್ನು ಮಲಗಿಸಿ ರಾತ್ರಿ ತಾವು ಎಚ್ಚರವಿರುತ್ತಿದ್ದರು. ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲದೆ ಮಾತುಗಳು ಚುರುಕಾಗತೊಡಗಿದುವು. ಈ ಹಳೆಯ ವ್ಯವಸ್ಥೆಯನ್ನೇ ಕಿತ್ತುಹಾಕಿ ಹೊಸದನ್ನು ಮಾಡಿಸಬೇಕೆಂದು ಮಗಳು. ಮನೆಯ ಸಾಲವೇ ತೀರದಿರುವಾಗ ಅಷ್ಟು ಹಣವೆಲ್ಲಿಯದೆಂದು ಅಳಿಯಂದಿರು.

ಪಕ್ಕದ ಮನೆಯಲ್ಲಿ ವೃದ್ಧರೊಬ್ಬರಿದ್ದಾರೆ. ಕೊಳವೆಯ ಕೆಲಸವನ್ನು ಮಾಡಿ ನಿವೃತ್ತರಾದವರು. ಕೂಸನ್ನು ನೋಡಲು ಬಂದವರು ಸಂಗತಿಯನ್ನು ಕೇಳಿ, ನೆಲಮಾಳಿಗೆಗೆ ಇಳಿದು, ಸೂರನ್ನು ಒಮ್ಮೆ ನೋಡಿದರು. ಅಲ್ಲಿ ಸುಮಾರು ಅರವತ್ತು ಅಡಿ ಕೊಳವೆಯು ಬರಿಮೈಯಲ್ಲಿತ್ತು. ಹಿಂದಿನ ಯಾವ ಯಜಮಾನರೋ ಹಳೆಯ ಹೊದಿಕೆಯನ್ನು ತೆಗೆಸಿ ಹೊಸದನ್ನು ಹಾಕಿಸದೆ ಬಿಟ್ಟಿದ್ದರು. "ನಿಮ್ಮ ಮಗುವಿನ ಕೋಣೆಯ ಶಾಖವೆಲ್ಲ ಇಲ್ಲಿಯೇ ಇದೆ" ಎಂದರು ಅವರು. ಹೊರಗೆ ಹಿಮ ಸುರಿಯುತ್ತಿದ್ದರೂ ಆ ನೆಲಮಾಳಿಗೆಯಲ್ಲಿ ನಾವು ಶಾಲನ್ನು ತೆಗೆದಿಟ್ಟು ನಿಂತಿದ್ದೆವು.

ಆ ಮಾತಿನ ಪ್ರಮಾಣವನ್ನು ತಿಳಿಯಲು ಅಂದು ರಾತ್ರಿ ಕುಳಿತು ಲೆಕ್ಕಹಾಕಿದೆವು. ಹಬೆ ತುಂಬಿದ ಎರಡಂಗುಲದ ಬರಿಯ ಕೊಳವೆಯು ಸಾಧಾರಣ ಕಾವಿನ ಕೋಣೆಯಲ್ಲಿ ಅಡಿಯೊಂದಕ್ಕೆ ಸುಮಾರು ೫೦ ವಾಟು ಶಾಖವನ್ನು ಚೆಲ್ಲುತ್ತದೆ. ಅರವತ್ತು ಅಡಿಗೆ ೩,೦೦೦ ವಾಟಾಯಿತು. ನಮ್ಮ ಊರಿನ ಬಚ್ಚಲುಮನೆಯ ದೊಡ್ಡ ಗೀಸರೊಂದನ್ನು ಬಾಯ್ಲರು ಉರಿದಷ್ಟು ಹೊತ್ತೂ ಉರಿಸಿದಂತೆ. ಅದೇ ಕೊಳವೆಗೆ ಒಂದಂಗುಲ ದಪ್ಪದ ಗಾಜಿನೆಳೆಯ ಹೊದಿಕೆಯನ್ನು ಹಾಕಿದರೆ ಅಡಿಗೆ ಎಂಟು ವಾಟಿನಷ್ಟು ಮಾತ್ರ ಸೋರುವುದು. ಅಂದರೆ ಸುಮಾರು ಆರರಲ್ಲಿ ಐದು ಪಾಲು ಉಳಿಯಿತು. "ಮಾವ, ನೆಲಮಾಳಿಗೆಯ ಬಿಸಿ ಮೇಲಕ್ಕೇ ತಾನೇ ಏರುವುದು? ಮನೆಯಲ್ಲೇ ಉಳಿದ ಹಾಗಾಯಿತಲ್ಲ?" ಎಂದು ಅಳಿಯಂದಿರು ಕೇಳಿದರು. ಪ್ರಶ್ನೆಯು ಯುಕ್ತವಾದುದೇ. ಒಂದಂಶವು ಏರುವುದು ನಿಜ. ಉಳಿದುದು ಕಲ್ಲಿನ ಗೋಡೆಗಳ ಮೂಲಕ ಮಣ್ಣಿಗೆ ಸೇರುವುದು. ಅಲ್ಲದೆ, ಏರಿದ ಶಾಖವಾದರೂ ಮೊದಲೇ ಬೆಚ್ಚಗಿರುವ ಪಡಸಾಲೆಯನ್ನೇ ಇನ್ನಷ್ಟು ಬೆಚ್ಚಗೆ ಮಾಡಿ ಥರ್ಮೋಸ್ಟಾಟನ್ನು ಬೇಗನೆ ತೃಪ್ತಿಪಡಿಸುವುದು. ನೀರಾದ ಹಬೆಯ ಗುಣವನ್ನೂ ನೆನೆಯಬೇಕು. ಒಂದು ಪಾಲು ನೀರು ಹಬೆಯಾದರೆ ಸುಮಾರು ೧,೭೦೦ ಪಾಲು ಜಾಗವನ್ನು ತುಂಬುವುದು. ಅದು ತಣಿದರೆ ಮತ್ತೆ ಒಂದೇ ಪಾಲಾಗಿ ಕುಗ್ಗುವುದು. ಬರಿಮೈಯ ಕೊಳವೆಯು ಹಬೆಯನ್ನು ದಾರಿಯಲ್ಲಿಯೇ ನುಂಗುತ್ತ ಹೋದರೆ ತುದಿಯಲ್ಲಿರುವವನಿಗೆ ಏನು ಉಳಿಯುವುದು?

ನೆಂಟರ ಮನೆಯ ಊಟದಲ್ಲಿ ಕೊನೆಯ ಪಂಕ್ತಿಯವರ ಗತಿಯೇ ಆ ಕೋಣೆಯದಾಗಿತ್ತು.

ಬಾಯ್ಲರಿನ ಹತ್ತಿರದ ಹನ್ನೆರಡು ಅಡಿ ಮಾತ್ರ ಹಳೆಯ ಹೊದಿಕೆಯೊಂದು ಉಳಿದಿತ್ತು. ಬಿಳಿಯ ಬಟ್ಟೆಯನ್ನು ಸುತ್ತಿ ಸುಣ್ಣ ಬಳಿದಂತೆ ಕಾಣುತ್ತಿದ್ದ ಅದು ಎರಡು ಕಡೆ ಹರಿದು ಪುಡಿಯುದುರುತ್ತಿತ್ತು. ಭಾನುವಾರ ಅದನ್ನೆಲ್ಲ ಕಿತ್ತು, ಸ್ವಚ್ಛಗೊಳಿಸಿ, ಆಮೇಲೆ ಹೊಸದನ್ನು ಹಾಕೋಣವೆಂದು ಅಳಿಯಂದಿರು ಸಿದ್ಧರಾಗಿ ಕತ್ತಿಯನ್ನೂ ಪೊರಕೆಯನ್ನೂ ತಂದಿದ್ದರು. ವೃದ್ಧರು ಅದನ್ನು ಕಂಡು ಅವರ ಕೈಹಿಡಿದು ಮೇಲಕ್ಕೆ ಕರೆತಂದರು. "ಅದರ ಹತ್ತಿರ ಹೋಗಬೇಡಿ. ಅದು ಆಸ್ಬೆಸ್ಟಾಸ್ ಆಗಿರಬಹುದು. ನನ್ನ ಅಣ್ಣ ಅದರಲ್ಲಿ ಕೆಲಸಮಾಡಿದವನು" ಎಂದಷ್ಟೆ ಹೇಳಿದರು. ಅಣ್ಣನಿಗೆ ಏನಾಯಿತೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಸ್ಬೆಸ್ಟಾಸ್ ಎಂಬುದು ಗ್ರೀಕ್ ಭಾಷೆಯ ಮಾತು. ನಂದಿಸಲಾಗದುದು ಎಂದು ಅದರ ಅರ್ಥ. ನಮ್ಮ ಕನ್ನಡದ ಕಲ್ನಾರು ಎಂಬ ಹೆಸರು ಅದಕ್ಕಿಂತ ಎಷ್ಟೋ ಮೇಲು. ಕಲ್ಲೂ ಅಹುದು, ನಾರೂ ಅಹುದು. ಉರಿಯದು, ಕೊಳೆಯದು, ಶಾಖವನ್ನು ಬಿಟ್ಟುಕೊಡದು. ಇಷ್ಟೊಂದು ಸದ್ಗುಣಗಳಿದ್ದುದರಿಂದಲೇ ಇಪ್ಪತ್ತನೆಯ ಶತಮಾನದ ಮೊದಲ ಎಪ್ಪತ್ತು ವರ್ಷ ಆ ದೇಶದ ಹಬೆಯ ಕೊಳವೆಗಳಿಗೆಲ್ಲ ಇದನ್ನೇ ಹೊದಿಸಿದರು. ದೋಷವಿರುವುದು ಅದರ ಸೂಕ್ಷ್ಮತೆಯಲ್ಲಿ. ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಡನೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ನೆಟ್ಟುಕೊಳ್ಳುವುವು; ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ತರುವಾಯ ಶ್ವಾಸಕೋಶದಲ್ಲಿಯೋ ಅದರ ಹೊರಪೊರೆಯಲ್ಲಿಯೋ ಅರ್ಬುದ ರೋಗವಾಗಿ ಕಾಣಿಸಿಕೊಳ್ಳುವುವು. ಅಮೆರಿಕದಲ್ಲಿ ೧೯೭೦ರ ದಶಕದಿಂದ ಇದನ್ನು ಒಂದೊಂದು ಉಪಯೋಗದಿಂದಲೂ ತೆಗೆಯುತ್ತ ಬಂದರು. ಉಳಿದಿದ್ದ ಬಿಳಿಯ ಕಲ್ನಾರಿನ ಬಳಕೆಯನ್ನೂ ಹಂತಹಂತವಾಗಿ ನಿಲ್ಲಿಸಬೇಕೆಂದು ೨೦೨೪ರಲ್ಲಿ ಆಜ್ಞೆಯಾಯಿತು.

ಇದನ್ನೆಲ್ಲ ಓದುತ್ತಿದ್ದಾಗ ನಮಗೆ ನೆನಪಾದುದು ನಾವು ಬಹುಕಾಲ ಪಾಠಹೇಳಿದ ಶಾಲೆಯ ಸೂರು. ಅದೂ ಕಲ್ನಾರಿನ ತಗಡೇ. ಸಿಮೆಂಟಿನಲ್ಲಿ ಕಲಸಿಟ್ಟ ಕಲ್ನಾರು ಸುಮ್ಮನಿದ್ದಷ್ಟು ದಿನ ಎಳೆಗಳನ್ನು ಅಷ್ಟಾಗಿ ಬಿಡದು. ಒಡೆದರೆ, ಗರಗಸದಿಂದ ಕೊಯ್ದರೆ, ತೂತು ಕೊರೆದರೆ ಧೂಳಾಗುವುದು. ಗಾಳಿಗೆ ತೆಂಗಿನ ಗರಿಯೋ ಕಾಯಿಯೋ ಬಿದ್ದು ತಗಡು ಒಡೆದಾಗಲೆಲ್ಲ ಹೊಸದನ್ನು ಜೋಡಿಸಿ ಒಡೆದ ಚೂರುಗಳನ್ನು ಅಂಗಳದ ಮೂಲೆಗೆ ಎಸೆಯುತ್ತಿದ್ದರು. ಮಕ್ಕಳು ಅವುಗಳಿಂದ ನೆಲದ ಮೇಲೆ ಗೆರೆಯೆಳೆದು ಕುಂಟಾಬಿಲ್ಲೆ ಆಡುತ್ತಿದ್ದರು. ನಮ್ಮ ದೇಶದಲ್ಲಿ ಈ ತಗಡಿಗೆ ಇನ್ನೂ ನಿಷೇಧವಿಲ್ಲ. ದನದ ಕೊಟ್ಟಿಗೆ, ಬಚ್ಚಲುಮನೆ, ಶಾಲೆ, ಎಲ್ಲಿ ನೋಡಿದರೂ ಅದೇ. ಊರಿಗೆ ಮರಳಿದ ಕೂಡಲೆ ಆ ಶಾಲೆಯ ಈಗಿನ ಮುಖ್ಯೋಪಾಧ್ಯಾಯರಿಗೆ ಒಂದು ಕಾಗದವನ್ನು ಬರೆದೆವು; ಮುರಿದ ಚೂರುಗಳನ್ನು ನೆನೆಸಿ, ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಮಾಡಬೇಕೆಂದು. ಉತ್ತರವು ಬಂದಿಲ್ಲ. ಇನ್ನೊಂದನ್ನು ಬರೆಯುವವರಿದ್ದೇವೆ.

ವುಸ್ಟರಿನಲ್ಲಿ ಆ ಹನ್ನೆರಡು ಅಡಿಯ ಚೂರೊಂದನ್ನು ಪ್ರಯೋಗಶಾಲೆಗೆ ಕಳುಹಿಸಿದುದಾಯಿತು. ಕಲ್ನಾರೇ ಎಂದು ವರದಿ ಬಂದಿತು. ಅನುಮತಿಪತ್ರವಿರುವ ಕೆಲಸಗಾರರು ಬಂದರು. ಬಾಣಂತಿಯನ್ನೂ ಕೂಸನ್ನೂ ಎರಡು ದಿನ ಸ್ನೇಹಿತರ ಮನೆಗೆ ಕಳುಹಿಸಿದೆವು. ಅವರು ನೆಲಮಾಳಿಗೆಯನ್ನು ಪ್ಲಾಸ್ಟಿಕ್ಕಿನ ಪರದೆಗಳಿಂದ ಮುಚ್ಚಿ, ಒಳಗಿನ ಗಾಳಿಯನ್ನು ಸೋಸಿ ಹೊರಕ್ಕೆಳೆಯುವ ಯಂತ್ರವನ್ನಿಟ್ಟು, ಮುಖಕ್ಕೆ ಮುಸುಕು, ಮೈಗೆ ಬಿಳಿಯ ಅಂಗಿಯನ್ನು ತೊಟ್ಟು, ನೀರು ಚಿಮುಕಿಸಿ ನೆನೆಸುತ್ತ ಅದನ್ನು ತೆಗೆದರು. ಹೊಸ ಹೊದಿಕೆಗೆ ತಗುಲಿದುದಕ್ಕಿಂತ ಹಳೆಯದನ್ನು ಕಳೆಯಲು ತಗುಲಿದ ವೆಚ್ಚವೇ ಹಲವು ಪಾಲಾಯಿತು. ಅಳಿಯಂದಿರು ಬಿಲ್ಲನ್ನು ನೋಡಿ ಒಂದು ಮಾತನ್ನೂ ಆಡಲಿಲ್ಲ. ಪೊರಕೆಯನ್ನು ಮಾತ್ರ ಮೂಲೆಯಿಂದ ತೆಗೆದು ಹೊರಗಿಟ್ಟರು.

ಹೊಸದನ್ನು ಹಾಕುವ ಕೆಲಸವನ್ನು ನಾವೂ ಅವರೂ ಸೇರಿ ಮಾಡಿದೆವು. ಗಾಜನ್ನು ಕರಗಿಸಿ ನೂಲಿನಂತೆ ಎಳೆದು ಕೊಳವೆಯ ಆಕಾರದಲ್ಲಿ ಒತ್ತಿ ಮಾಡಿದ ಮೂರಡಿ ಉದ್ದದ ತುಂಡುಗಳು; ಮೇಲೆ ಬಿಳಿಯ ಕಾಗದ; ಉದ್ದಕ್ಕೂ ಒಂದು ಸೀಳು. ಕೊಳವೆಯು ತಣ್ಣಗಿರುವಾಗ ಸೀಳನ್ನು ಬಿಡಿಸಿ ತೊಡಿಸಿ, ಅಂಟಿನ ಅಂಚನ್ನು ಒತ್ತಿದರೆ ಆಯಿತು. ಕೊಳ್ಳುವಾಗ ಒಂದು ವಿಷಯವನ್ನು ನೋಡಿಕೊಳ್ಳಬೇಕು. ಎರಡಂಗುಲದ್ದೆಂದು ಕರೆಯುವ ಕಬ್ಬಿಣದ ಕೊಳವೆಯ ಹೊರಮೈಯು ಎರಡಂಗುಲವಲ್ಲ, ಎರಡು ಮತ್ತು ಎಂಟರಲ್ಲಿ ಮೂರು ಅಂಗುಲ. ಹೊದಿಕೆಯನ್ನು ಕಬ್ಬಿಣದ ಕೊಳವೆಯ ಅಳತೆಗೆಂದೇ ಕೇಳಿ ಕೊಳ್ಳಬೇಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕುವ ಕಪ್ಪು ನೊರೆಯ ಹೊದಿಕೆಯು ತಣ್ಣೀರಿನ ಕೊಳವೆಗೆ ಸರಿ; ಹಬೆಗೆ ಅದು ಕರಗಿ ಇಳಿಯುವುದು. ಗಾಳಿಯನ್ನು ಬಿಡುವ ರಂಧ್ರಗಳನ್ನೂ ಬಾಯ್ಲರಿನ ರಕ್ಷಣಾ ಕವಾಟವನ್ನೂ ಯಾವ ಕಾರಣಕ್ಕೂ ಮುಚ್ಚಕೂಡದು. ಮೂಲೆಗಳ ತಿರುವಿಗೆ ತುಂಡನ್ನು ಓರೆಯಾಗಿ ಕೊಯ್ದು ಜೋಡಿಸಬೇಕು. ಇದರಲ್ಲಿ ನಮಗೆ ಹತ್ತಿದಷ್ಟು ಹೊತ್ತು ಉಳಿದುದೆಲ್ಲಕ್ಕೂ ಸೇರಿ ಹತ್ತಲಿಲ್ಲ. ಗಾಜಿನೆಳೆಯು ಕೈಗೆ ತಾಗಿದರೆ ತುರಿಕೆ. ಕೈಚೀಲವೂ ಮೂಗಿಗೆ ಬಟ್ಟೆಯೂ ಬೇಕು. ಇದೂ ಕಲ್ನಾರಿನಂತೆಯೇ ಆಗಿಬಿಟ್ಟರೇನೆಂದು ಮಗಳು ಭಯಪಟ್ಟಳು. ಕಲ್ನಾರನ್ನು ಅರ್ಬುದಕಾರಕವೆಂದು ನಿರ್ಣಯಿಸಿದ ಅಂತಾರಾಷ್ಟ್ರೀಯ ಸಂಸ್ಥೆಯವರೇ ಇದನ್ನೂ ಪರೀಕ್ಷಿಸಿ ಆ ವರ್ಗಕ್ಕೆ ಸೇರಿಸಿಲ್ಲವೆಂದು ತೋರಿಸಿದ ಮೇಲೆ ಸಮಾಧಾನವಾಯಿತು.

ಫಲವು ಒಂದೇ ದಿನದಲ್ಲಿ ಕಂಡಿತು. ಉರಿ ಹೊತ್ತಿದಂದಿನಿಂದ ಮಗುವಿನ ಕೋಣೆಯ ರೇಡಿಯೇಟರು ಬಿಸಿಯಾಗಲು ಮೊದಲು, ಅದೂ ಥರ್ಮೋಸ್ಟಾಟನ್ನು ಬಲವಂತವಾಗಿ ಏರಿಸಿಟ್ಟಾಗ, ಮೂವತ್ತನಾಲ್ಕು ನಿಮಿಷ ಹಿಡಿಯುತ್ತಿತ್ತು, ಈಗ ಹತ್ತೊಂಬತ್ತು. ಆ ಕೋಣೆಯು ಪಡಸಾಲೆಗಿಂತ ಒಂದೇ ಡಿಗ್ರಿ ಹಿಂದುಳಿಯಿತು. ವಿದ್ಯುತ್ತಿನ ಒಲೆಯು ಅಟ್ಟಕ್ಕೆ ಹೋಯಿತು. ಆದರೆ ಎಲ್ಲ ಕಷ್ಟವೂ ಹೊದಿಕೆಯಿಂದಲೇ ಹೋಯಿತೆಂದು ಹೇಳಲಾರೆವು. ನಡುರಾತ್ರಿಯಲ್ಲಿ ಕಮ್ಮಾರಸಾಲೆಯಂತೆ ಕೊಳವೆಯಲ್ಲಿ ಬಡಿಯುವ ಸದ್ದು ಇನ್ನೂ ಉಳಿದಿತ್ತು. ಕೊಳವೆಯ ಒಂದು ಕಡೆ ಜೋತುಬಿದ್ದು ಅಲ್ಲಿ ನೀರು ನಿಂತಿತ್ತು. ಓಡಿಬರುವ ಹಬೆಯು ಆ ನೀರನ್ನು ಎತ್ತಿಕೊಂಡು ಹೋಗಿ ತಿರುವಿಗೆ ಅಪ್ಪಳಿಸುತ್ತಿತ್ತು. ವೃದ್ಧರು ಬಂದು ಅಲ್ಲಿಗೊಂದು ಕಬ್ಬಿಣದ ತೂಗುಪಟ್ಟಿಯನ್ನು ಹಾಕಿ ಅರ್ಧ ಅಂಗುಲ ಎತ್ತಿದ ಮೇಲೆಯೇ ಆ ಸದ್ದು ನಿಂತಿತು. ಅವರಿಗೆ ನಮ್ಮ ಮನೆಯವರು ಹೋಳಿಗೆಯನ್ನು ಮಾಡಿ ಬಡಿಸಿದರು.

ಆಕ್ಷೇಪಣೆಯು ಬಂದುದು ನಾವು ನಿರೀಕ್ಷಿಸದ ಕಡೆಯಿಂದ. ನಮ್ಮ ಮನೆಯವರು ಅಲ್ಲಿಗೆ ಹೋದ ವಾರದಲ್ಲಿಯೇ ನೆಲಮಾಳಿಗೆಯ ಸೆಖೆಯನ್ನು ಕಂಡುಹಿಡಿದು, ದೋಸೆಯ ಹಿಟ್ಟನ್ನು ಕೊಳವೆಯ ಕೆಳಗಿನ ಹಲಗೆಯ ಮೇಲಿಟ್ಟು ಹುಳಿಬರಿಸುತ್ತಿದ್ದರು. ಹೊದಿಕೆ ಹಾಕಿದ ಮಾರನೆಯ ಬೆಳಿಗ್ಗೆ ಪಾತ್ರೆಯ ಮುಚ್ಚಳವನ್ನು ತೆರೆದರೆ ಹಿಟ್ಟು ಇಟ್ಟಂತೆಯೇ ಇತ್ತು. "ಕಬ್ಬಿಣಕ್ಕೆ ಅಂಗಿ ತೊಡಿಸಿದಿರಿ, ಸರಿ, ನನ್ನ ಹಿಟ್ಟು ಚಳಿಯಲ್ಲಿ ಕೂತಿದೆಯಲ್ಲ, ಅದಕ್ಕೇನು ಹೇಳುತ್ತೀರಿ?" ಎಂದು ಪಾತ್ರೆಯನ್ನು ನಮ್ಮ ಮುಂದಿಟ್ಟರು. ಅಳಿಯಂದಿರು ಎದ್ದುಹೋಗಿ, ಆ ಹಲಗೆಯ ನೇರಕ್ಕೆ ಒಂದೂವರೆ ಅಡಿ ಹೊದಿಕೆಯನ್ನು ಕೊಯ್ದು ತೆಗೆದುಬಂದರು. ಎಪ್ಪತ್ತೈದು ವಾಟಿನ ನಷ್ಟವೆಂದು ನಾವು ಲೆಕ್ಕ ಹೇಳಿದೆವು. "ಇರಲಿ ಬಿಡಿ ಮಾವ, ದೋಸೆಗೆ ಅಷ್ಟು ಖರ್ಚು ಮಾಡೋಣ" ಎಂದರು.